ಲೋವರಿಂಗ್ ಸ್ಪ್ರಿಂಗ್ ಹಾಕಿದ್ದೇನೆ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಯಾವುದು? ಬಜೆಟ್ 25 ಸಾವಿರ

ಹಾಸನದ ಪೋಲೋ

ಎಲ್ಲರಿಗೂ ನಮಸ್ಕಾರ. ನನ್ನದು 2015ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 92 ಸಾವಿರ ಕಿಲೋಮೀಟರ್ ಓಡಿದೆ. ನಾನು ಎರಡನೇ ಓನರ್.

ನಾಲ್ಕು ತಿಂಗಳ ಹಿಂದೆ ಗೆಳೆಯನೊಬ್ಬ ಅವನ ಪೋಲೋ ಮಾರಿದ. ಅದರಲ್ಲಿದ್ದ ಲೋವರಿಂಗ್ ಸ್ಪ್ರಿಂಗ್ (ಗಾಡಿಯ ಎತ್ತರ ಇಳಿಸುವ ಗಿಡ್ಡ ಸ್ಪ್ರಿಂಗ್) ಬಿಚ್ಚಿ ನನಗೆ ಕಡಿಮೆ ಬೆಲೆಗೆ ಕೊಟ್ಟ. ಪೆಟ್ಟಿಗೆ ಮೇಲೆ 30 ಮಿ.ಮೀ. ಅಂತ ಬರೆದಿತ್ತು. ಇಲ್ಲೇ ಊರಿನ ಗ್ಯಾರೇಜಿನಲ್ಲಿ ಹಾಕಿಸಿದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ, ಗಾಡಿ ಜೊತೆ ಬಂದಿದ್ದು.

ನೋಡಲು ಗಾಡಿ ತುಂಬಾ ಚೆನ್ನಾಗಿ ಕಾಣುತ್ತದೆ. ಆದರೆ ಓಡಿಸುವ ಖುಷಿ ಹೋಗಿದೆ. ಹಾಸನದಿಂದ ಸಕಲೇಶಪುರಕ್ಕೆ ಹೋಗುವಾಗ ರಸ್ತೆ ಸ್ವಲ್ಪ ತಗ್ಗಾಗಿ ಎದ್ದರೆ ಸಾಕು, ಮುಂಭಾಗ ಎರಡು ಮೂರು ಸಲ ಕುಣಿಯುತ್ತದೆ. ಹಿಂದೆ ಇಬ್ಬರು ಕೂತರೆ ಹಂಪ್ಸ್ ಇಳಿಯುವಾಗ ದಡ್ ಅಂತ ಸದ್ದು. ಹೋದ ವಾರ ಅಮ್ಮ ಹಿಂದೆ ಕೂತಿದ್ದರು. ಎತ್ತಿ ಹಾಕಿದ್ದಕ್ಕೆ ಸೊಂಟ ಹಿಡಿದುಕೊಂಡು ಎರಡು ದಿನ ಮಲಗಿದರು. ಅದು ನನಗೆ ತುಂಬಾ ಬೇಜಾರಾಯಿತು.

ಈಗ ಶಾಕ್ ಬದಲಾಯಿಸಲೇಬೇಕು. ಕಂಪನಿ ಶಾಕ್, ಹೊರಗಿನ ಗ್ಯಾಸ್ ಶಾಕ್, ಬಿಲ್‌ಸ್ಟೈನ್, ಆನ್‌ಲೈನಿನಲ್ಲಿ ಸಿಗುವ ಅಗ್ಗದ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್) ಸೆಟ್, ಇಲ್ಲವೇ ಇರುವುದಕ್ಕೇ ಆಯಿಲ್ ತುಂಬಿಸುವುದು. ಇಷ್ಟು ದಾರಿ ಕಾಣುತ್ತಿದೆ. ಬಜೆಟ್ 25 ಸಾವಿರ, ತೀರಾ ಅಂದರೆ 28. ಯಾವುದು ಸರಿ?

ಘಾಟಿ ಸವಾರ

ಬಿಲ್‌ಸ್ಟೈನ್ ಬಿ8. ಬೇರೆ ಯೋಚನೆನೇ ಬೇಡ. ಲೋವರಿಂಗ್ ಸ್ಪ್ರಿಂಗ್‌ಗೆ ಅಂತಲೇ ಗಿಡ್ಡವಾಗಿ ಮಾಡಿದ ಶಾಕ್ ಅದು. ಒಂದು ಸಲ ಹಾಕಿ, ಮರೆತುಬಿಡಿ.

ಹಾಸನದ ಪೋಲೋ

ಸರ್, ವಿಚಾರಿಸಿದೆ. ತರಿಸಿಕೊಳ್ಳುವ ಖರ್ಚೆಲ್ಲ ಸೇರಿದರೆ ನನ್ನ ಬಜೆಟ್‌ನ ಎರಡು ಪಟ್ಟು ದಾಟುತ್ತದೆ. ಆಗಲ್ಲ.

ಹುಬ್ಬಳ್ಳಿ ಸ್ವಿಫ್ಟ್

ಹಾಗಾದ್ರೆ ಕಾಯಿಲ್‌ಓವರ್ ತಗೊಳ್ರಿ. ಎತ್ತರ ನಮಗೆ ಬೇಕಾದಂಗ ಇಟ್ಕೋಬಹುದು. ಆನ್‌ಲೈನಿನಾಗ ನಿಮ್ಮ ಬಜೆಟ್‌ನಾಗ ಸಿಗ್ತಾವ.

ಕುಡ್ಲದ ಡ್ರೈವರ್

ಬೇಡ ಮಾರಾಯ್ರೆ, ದಯವಿಟ್ಟು ಬೇಡ. ನಾನು ಹಾಕಿ ನೋಡಿದ್ದೇನೆ. ಹೆಸರು ಹೇಳುವುದಿಲ್ಲ, ಅಗ್ಗದ ಸೆಟ್. ಮೊದಲ ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ನಮ್ಮ ಕಡೆಯ ಮಳೆ ಶುರುವಾಯಿತು. ಕೆಸರು, ಉಪ್ಪು ಗಾಳಿ ಎರಡೂ ಸೇರಿ ಥ್ರೆಡ್ ಹಿಡಿದುಕೊಂಡಿತು. ಎತ್ತರ ಬದಲಾಯಿಸೋಣ ಅಂತ ಹೋದರೆ ಕಾಲರ್ ಒಂದಿಂಚೂ ತಿರುಗಲಿಲ್ಲ. ಡೀಸೆಲ್ ಹಾಕಿ ರಾತ್ರಿಯಿಡೀ ನೆನೆಸಿಟ್ಟೆವು, ಸುತ್ತಿಗೆಯಲ್ಲಿ ಬಡಿದೆವು, ಕೊನೆಗೆ ಗ್ರೈಂಡರ್ ಹಿಡಿದು ಕೊಯ್ದು ತೆಗೆದದ್ದು. ಎಂಟನೇ ತಿಂಗಳಲ್ಲಿ ಹಿಂದಿನ ಎಡ ಶಾಕ್ ಎಣ್ಣೆ ಕಾರಿತು. ಬಿಡಿಯಾಗಿ ಒಂದು ಶಾಕ್ ಸಿಗುವುದಿಲ್ಲ, ಇಡೀ ಸೆಟ್ಟೇ ತೆಗೆದುಕೊಳ್ಳಿ ಎಂದರು. ದುಡ್ಡು ನೀರಿಗೆ ಹಾಕಿದ ಹಾಗಾಯಿತು.

ಒಳ್ಳೆಯ ಕಾಯಿಲ್‌ಓವರ್ ಬೇರೆ ವಿಷಯ. ಆ ದುಡ್ಡು ಇದ್ದರೆ ಬಿ8 ಹಾಕಬಹುದಲ್ವಾ.

ಡ್ಯಾಂಪರ್ ಮೇಷ್ಟ್ರು

ಬ್ರ್ಯಾಂಡ್ ಹೆಸರು ಆಮೇಲೆ ನೋಡೋಣ. ಮೊದಲು ಎರಡು ಅಳತೆ ಕೊಡಿ, ಆಮೇಲೆ ಮಾತಾಡೋಣ. ನಾನು ಶಾಕ್ ಅಬ್ಸಾರ್ಬರ್ ಪರೀಕ್ಷೆ ಮಾಡುವ ಕೆಲಸದಲ್ಲಿ 14 ವರ್ಷ ಇದ್ದವನು. ಅಳತೆ ಇಲ್ಲದೆ ಶಾಕ್ ಆರಿಸುವುದು ಕಾಲು ನೋಡದೆ ಚಪ್ಪಲಿ ಕೊಂಡಂತೆ.

ಮೊದಲನೆಯದು, ಗಾಡಿ ನಿಜವಾಗಿ ಎಷ್ಟು ಇಳಿದಿದೆ? ಚಕ್ರದ ನಡುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ. ಲೋವರ್ ಮಾಡದ ಅದೇ ಮಾಡೆಲ್ ಪೋಲೋ ಒಂದು ಹುಡುಕಿ, ಅದನ್ನೂ ಅಳೆದು ಹೋಲಿಸಿ.

ಎರಡನೆಯದು, ಬಂಪ್ ಸ್ಟಾಪರ್‌ಗೆ (ಶಾಕ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ಫೋಮ್) ತಾಗುವ ಮೊದಲು ಎಷ್ಟು ಜಾಗ ಉಳಿದಿದೆ? ಹಿಂದಿನ ಶಾಕ್‌ನ ಡಸ್ಟ್ ಕವರ್ ಮೇಲೆ ಎತ್ತಿ. ಹೊಳೆಯುವ ರಾಡ್‌ಗೆ ಒಂದು ಕೇಬಲ್ ಟೈ ಕಟ್ಟಿ. ತೀರಾ ಬಿಗಿ ಬೇಡ, ಬೆರಳಲ್ಲಿ ತಳ್ಳಿದರೆ ಜಾರುವಷ್ಟು ಇರಲಿ. ಅದನ್ನು ಕೆಳಗೆ ಜಾರಿಸಿ ಶಾಕ್ ಕೊಳವೆಯ ಬಾಯಿಗೆ ತಾಗಿಸಿ ಬಿಡಿ. ದಿನಾ ಓಡಾಡುವ ರಸ್ತೆಯಲ್ಲೇ ಒಂದು ಸುತ್ತು ಹೋಗಿ ಬನ್ನಿ. ಶಾಕ್ ಎಷ್ಟು ಕುಗ್ಗಿತೋ ಅಷ್ಟು ದೂರ ಟೈ ರಾಡ್ ಮೇಲೆ ಸರಿದಿರುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎರಡು ಅಂತರ ಅಳೆಯಿರಿ. ಕೊಳವೆಯಿಂದ ಟೈ ಎಷ್ಟು ದೂರ, ಕೊಳವೆಯಿಂದ ಬಂಪ್ ಸ್ಟಾಪರ್‌ನ ಕೆಳಗಿನ ಅಂಚು ಎಷ್ಟು ದೂರ.

ಮಾರುತಿ ಎಂಟುನೂರು

ಇದು ಒಳ್ಳೆ ಉಪಾಯ ಸರ್. ನಾನೂ ಮಾಡ್ತೀನಿ.

ಸ್ಪೇರ್ಸ್ ಅಂಗಡಿ

ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ವ್ಯಾಪಾರ ಮಾಡುವವನು. ಆಯಿಲ್ ತುಂಬಿಸುವ ಯೋಚನೆ ಈಗಲೇ ಬಿಟ್ಟುಬಿಡಿ. ಕೊಳವೆಗೆ ತೂತು ಹೊಡೆದು, ಹಳೆ ಎಣ್ಣೆ ಸುರಿದು, ಯಾವುದೋ ಎಣ್ಣೆ ತುಂಬಿ ವೆಲ್ಡ್ ಮಾಡಿ ಕೊಡುತ್ತಾರೆ. ಒಳಗಿನ ಸೀಲ್, ವಾಲ್ವ್ ಹಳೆಯದೇ ಇರುತ್ತದೆ. ಗ್ಯಾಸ್ ಅಂತೂ ಹೋಗಿಯೇ ಬಿಡುತ್ತದೆ. ಕೈಯಲ್ಲಿ ಒತ್ತಿ ನೋಡಿದರೆ ಗಟ್ಟಿ ಅನಿಸುತ್ತದೆ, ಗ್ರಾಹಕರು ಖುಷಿಯಾಗಿ ಹೋಗುತ್ತಾರೆ. ಆರು ತಿಂಗಳಿಗೆ ವಾಪಸ್ ಬರುತ್ತಾರೆ.

ಕಾಫಿ ತೋಟ

ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸರ್. ಚಿಕ್ಕಮಗಳೂರಿನ ಕಡೆ ರ್‍ಯಾಲಿ ಗಾಡಿಗಳ ಶಾಕ್ ಬಿಚ್ಚಿ, ಶಿಮ್ (ವಾಲ್ವ್‌ನ ತೆಳು ಬಿಲ್ಲೆ) ಬದಲಾಯಿಸಿ, ಹೊಸ ಸೀಲ್ ಹಾಕಿ, ನೈಟ್ರೋಜನ್ ತುಂಬಿ ಕೊಡುವ ಕೆಲಸಗಾರರನ್ನು ನಾನೇ ನೋಡಿದ್ದೇನೆ. ಅದು ನಿಜವಾದ ರಿಪೇರಿ.

ಸ್ಪೇರ್ಸ್ ಅಂಗಡಿ

ಒಪ್ಪಿದೆ. ಅದು ಬಿಚ್ಚುವುದಕ್ಕೆ ಅಂತಲೇ ಮಾಡಿದ ಶಾಕ್. ಕಂಪನಿ ಶಾಕ್‌ನ ಬಾಯಿಯನ್ನು ಮಡಿಸಿ ಮುಚ್ಚಿರುತ್ತಾರೆ, ಬಿಚ್ಚಲು ದಾರಿಯೇ ಇರಲ್ಲ. ನಾನು ಹೇಳಿದ್ದು ಆ ತೂತು ಹೊಡೆಯುವ ಕೆಲಸದ ಬಗ್ಗೆ.

ಹಾಸನದ ಪೋಲೋ

ಮೇಷ್ಟ್ರೇ, ಭಾನುವಾರ ಕೂತು ಅಳೆದೆ. ಪಕ್ಕದ ಬೀದಿಯ ಡಾಕ್ಟರ ಪೋಲೋ ಕೂಡ ಜಿಟಿ ಟಿಎಸ್‌ಐ, ಟೈರೂ ನನ್ನದೇ ಅಳತೆ, 185/60 ಆರ್15. ಅದನ್ನೂ ಅಳೆದೆ.

ಮುಂದೆ: ಅವರದು 391, ನನ್ನದು 350.
ಹಿಂದೆ: ಅವರದು 393, ನನ್ನದು 351.

ಅಂದರೆ 41, 42 ಮಿ.ಮೀ. ಇಳಿದಿದೆ! ಪೆಟ್ಟಿಗೆ ಮೇಲೆ 30 ಅಂತ ಇತ್ತು.

ಕೇಬಲ್ ಟೈ ಲೆಕ್ಕ: ಖಾಲಿ ಗಾಡಿ ನಿಂತಾಗ ಹಿಂದೆ ಬಂಪ್ ಸ್ಟಾಪರ್‌ವರೆಗೆ ಇರುವ ಜಾಗ ಬರೀ 28 ಮಿ.ಮೀ. ಮಾರ್ಕೆಟ್‌ವರೆಗೆ ಒಬ್ಬನೇ ಹೋಗಿ ಬಂದರೂ ಟೈ ಅದನ್ನು ದಾಟಿ ಸ್ಟಾಪರ್ ಒಳಗೇ ಹೋಗಿ ಸಿಕ್ಕಿಕೊಂಡಿತ್ತು. ಫೋಮ್ ಮೇಲೆ ಉಂಗುರದ ಹಾಗೆ ಗುರುತು ಬಿದ್ದಿದೆ. ಬುಡ ಪುಡಿ ಪುಡಿಯಾಗಿ ಕೈಗೆ ಬಂತು.

ಸ್ಟುಟ್‌ಗಾರ್ಟ್ ಕನ್ನಡಿಗ

ಪೆಟ್ಟಿಗೆ ಸುಳ್ಳು ಹೇಳಿಲ್ಲ. ಆ 30 ಮಿ.ಮೀ. ಅನ್ನೋದು ಯುರೋಪಿನ ಪೋಲೋದ ಎತ್ತರಕ್ಕೆ ಹೋಲಿಸಿ ಬರೆದದ್ದು. ಭಾರತದ ಗಾಡಿಯನ್ನು ನಮ್ಮ ರಸ್ತೆಗಾಗಿ ಕಾರ್ಖಾನೆಯಲ್ಲೇ ಎತ್ತರಿಸಿರುತ್ತಾರೆ. ಇಲ್ಲಿ ಜರ್ಮನಿಯಲ್ಲೂ ಫೋಕ್ಸ್‌ವ್ಯಾಗನ್ ಕೆಲವು ಮಾಡೆಲ್‌ಗಳಿಗೆ ‘ಕೆಟ್ಟ ರಸ್ತೆ ಸಸ್ಪೆನ್ಶನ್’ ಅಂತ ಎತ್ತರದ ಆಯ್ಕೆ ಕೊಡುತ್ತದೆ. ಯುರೋಪ್ ಸ್ಪ್ರಿಂಗ್ ತಂದು ಎತ್ತರದ ಗಾಡಿಗೆ ಹಾಕಿದರೆ, ಆ ಎತ್ತರವೂ ಹೋಯಿತು, ಅದರ ಮೇಲೆ ಇನ್ನೂ 30 ಹೋಯಿತು.

ಇನ್ನೊಂದು ನೋಡಿ. ಸ್ಪ್ರಿಂಗ್ ಮೇಲೆ ಅಚ್ಚಾದ ಕೋಡ್ ಇರುತ್ತದೆ. ಅದು ಪೆಟ್ರೋಲ್‌ಗೋ ಡೀಸೆಲ್‌ಗೋ ಖಚಿತ ಮಾಡಿಕೊಳ್ಳಿ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಅದರ ಮುಂದಿನ ಸ್ಪ್ರಿಂಗ್ ಬೇರೆ. ಇಲ್ಲಿ ಸ್ಪ್ರಿಂಗ್ ಜೊತೆ ಬರುವ ಕಾಗದದಲ್ಲಿ ಮುಂದಿನ ಆಕ್ಸಲ್ ಮೇಲೆ ಎಷ್ಟು ಭಾರದವರೆಗೆ ಹಾಕಬಹುದು ಅಂತ ಬರೆದಿರುತ್ತದೆ. ಹಾಕಿದ ಮೇಲೆ ಟಿಯುವಿ (ಗಾಡಿ ತಪಾಸಣೆ ಸಂಸ್ಥೆ) ಅವರ ಹತ್ತಿರ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಗಾಡಿಯ ಪರವಾನಗಿಗೇ ತೊಂದರೆ.

ಹಾಸನದ ಪೋಲೋ

ಕೋಡ್ ನೋಡಿದೆ. ಪುಣ್ಯಕ್ಕೆ ಪೆಟ್ರೋಲ್‌ದೇ.

ಡ್ಯಾಂಪರ್ ಮೇಷ್ಟ್ರು

ಈಗ ವಿಷಯ ಸ್ಪಷ್ಟವಾಯಿತು. ನಿಮಗೆ ಇರುವುದು ಎರಡು ಬೇರೆ ಬೇರೆ ತೊಂದರೆ. ಎರಡನ್ನೂ ಒಂದೇ ಅಂತ ತಿಳಿದು ದುಡ್ಡು ಹಾಕಬೇಡಿ.

ಮುಂಭಾಗ ಕುಣಿಯುವುದು ಶಾಕ್ ಸತ್ತಿದ್ದಕ್ಕೆ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಶಾಕ್‌ನ ಕೆಲಸ ಸ್ಪ್ರಿಂಗ್ ಕುಣಿತ ನಿಲ್ಲಿಸುವುದು. ಒಳಗೆ ಎಣ್ಣೆ ಸಣ್ಣ ದಾರಿಯಲ್ಲಿ ನುಗ್ಗುತ್ತದೆ, ಆ ಶಕ್ತಿ ಬಿಸಿಯಾಗಿ ಹೋಗುತ್ತದೆ. ಘಾಟಿ ಇಳಿದ ತಕ್ಷಣ ಶಾಕ್ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. 92 ಸಾವಿರ ಕಿ.ಮೀ. ಆದ ಶಾಕ್‌ನಲ್ಲಿ ಕುಣಿತ ತಡೆಯುವ ಶಕ್ತಿ ಎಷ್ಟೋ ಕುಗ್ಗಿರುತ್ತದೆ. ನಿಧಾನವಾಗಿ ಕಡಿಮೆಯಾಗುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದ ದಿನ ಬಯಲಾಗುತ್ತದೆ.

ಹೊಸ ಸ್ಪ್ರಿಂಗ್‌ಗೆ ಎಷ್ಟು ಜಾಸ್ತಿ ಡ್ಯಾಂಪಿಂಗ್ (ಕುಣಿತ ತಡೆಯುವ ಶಕ್ತಿ) ಬೇಕು ಅನ್ನೋದಕ್ಕೂ ಲೆಕ್ಕ ಇದೆ. ಸ್ಪ್ರಿಂಗ್ ಎಷ್ಟು ಪಟ್ಟು ಗಟ್ಟಿಯಾಯಿತೋ ಅದರ ವರ್ಗಮೂಲದಷ್ಟು ಡ್ಯಾಂಪಿಂಗ್ ಹೆಚ್ಚಬೇಕು. ಸ್ಪ್ರಿಂಗ್ 30 ಶೇಕಡಾ ಗಟ್ಟಿ ಅಂತಿಟ್ಟುಕೊಳ್ಳಿ. 1.3ರ ವರ್ಗಮೂಲ 1.14. ಅಂದರೆ ಬೇಕಿರುವುದು 14 ಶೇಕಡಾ ಮಾತ್ರ ಜಾಸ್ತಿ. ಹೊಸದಾದ, ಒಳ್ಳೆಯ, ಕಂಪನಿ ಮಟ್ಟದ ಗ್ಯಾಸ್ ಶಾಕ್ ಅದಕ್ಕೆ ತುಂಬಾ ಹತ್ತಿರ ಬರುತ್ತದೆ. ಅದಕ್ಕೇ ಮುಂದಕ್ಕೆ ದುಬಾರಿ ಶಾಕ್ ಬೇಕೇ ಬೇಕು ಅಂತ ನಾನು ಹೇಳಲ್ಲ.

ಹಿಂದಿನ ದಡ್ ಸದ್ದು ಬೇರೆ ಕಥೆ. ಅದು ಜಾಗ ಇಲ್ಲದ್ದಕ್ಕೆ ಬರುವುದು. ನಿಮ್ಮ ಗಾಡಿಗೆ ಮೊದಲು 70 ಮಿ.ಮೀ. ಜಾಗ ಇತ್ತು, 42 ಹೋಗಿ 28 ಉಳಿದಿದೆ. ಸ್ಪ್ರಿಂಗ್ ಹೀರುವ ಶಕ್ತಿ ದೂರದ ವರ್ಗದ ಮೇಲೆ ನಿಂತಿದೆ. 70ನ್ನು 28ರಿಂದ ಭಾಗಿಸಿದರೆ 2.5, ಅದರ ವರ್ಗ 6.25. ಮೊದಲು ಹೀರುತ್ತಿದ್ದ ಹೊಡೆತವನ್ನು ಈ 28 ಮಿ.ಮೀ.ನಲ್ಲೇ ಹೀರಬೇಕಾದರೆ ಸ್ಪ್ರಿಂಗ್ ಆರು ಪಟ್ಟು ಗಟ್ಟಿ ಇರಬೇಕು! ಅಂಥ ಸ್ಪ್ರಿಂಗ್ ಹಾಕಿದರೆ ಅಮ್ಮನವರು ಗಾಡಿ ಹತ್ತುವುದೇ ಇಲ್ಲ. ಉಳಿದ ಹೊಡೆತ ತಿನ್ನುತ್ತಿರುವುದು ಬಂಪ್ ಸ್ಟಾಪರ್. ಅದೂ ಈಗ ಪುಡಿಯಾಗಿದೆ.

ಘಾಟಿ ಸವಾರ

> ಹೊಸದಾದ, ಒಳ್ಳೆಯ, ಕಂಪನಿ ಮಟ್ಟದ ಗ್ಯಾಸ್ ಶಾಕ್ ಅದಕ್ಕೆ ತುಂಬಾ ಹತ್ತಿರ ಬರುತ್ತದೆ

ಇದನ್ನು ನಾನು ಒಪ್ಪಲ್ಲ ಸರ್. ಲೆಕ್ಕ ಸರಿ ಇರಬಹುದು. ಆದರೆ ಉದ್ದದ ಶಾಕ್‌ಗೆ ಗಿಡ್ಡ ಸ್ಪ್ರಿಂಗ್ ಹಾಕಿದರೆ ಚಕ್ರ ಪೂರ್ತಿ ಕೆಳಗೆ ಇಳಿದಾಗ ಸ್ಪ್ರಿಂಗ್ ಸಡಿಲ ಬಿಡುತ್ತದೆ. ಪೋಲೋ ಹಿಂದೆ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರ ಜೋಡಿಸುವ ತೊಲೆ), ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಸ್ಪ್ರಿಂಗ್ ಅದರ ಕಪ್ಪಿನಿಂದ ಆಚೆ ಈಚೆ ಜರುಗಿದರೆ? ಬಿ8ನಲ್ಲಿ ರಾಡ್ ಗಿಡ್ಡ, ಆ ಭಯ ಇಲ್ಲ. ಜೊತೆಗೆ ಅದು ಮೊನೊಟ್ಯೂಬ್ (ಒಂದೇ ಕೊಳವೆಯದು), ಘಾಟಿಯಲ್ಲಿ ಬಿಸಿಯಾದರೂ ಸುಸ್ತಾಗಲ್ಲ. ಶಿರಾಡಿಯಲ್ಲಿ ಹತ್ತು ಸಲ ಓಡಿಸಿ ಹೇಳುತ್ತಿದ್ದೇನೆ.

ಡ್ಯಾಂಪರ್ ಮೇಷ್ಟ್ರು

ಸಡಿಲ ಬಿಡುವ ವಿಷಯ ನೂರಕ್ಕೆ ನೂರು ಸರಿ. ಅದನ್ನು ನೋಡದೆ ಯಾರೂ ಮುಂದುವರಿಯಬಾರದು. ಹಿಂದಿನ ಎರಡೂ ಚಕ್ರ ನೆಲ ಬಿಡುವ ಹಾಗೆ ಎತ್ತಿ ಸ್ಟ್ಯಾಂಡ್ ಕೊಟ್ಟು, ಸ್ಪ್ರಿಂಗ್ ಅನ್ನು ಕೈಯಲ್ಲಿ ತಿರುಗಿಸಿ ನೋಡಿ. ತಿರುಗಲಿಲ್ಲ ಅಂದರೆ ಪರವಾಗಿಲ್ಲ. ಗಿರಕಿ ಹೊಡೆದರೆ ಆ ಸ್ಪ್ರಿಂಗ್‌ಗೆ ಉದ್ದದ ಶಾಕ್ ಹಾಕಲೇಬೇಡಿ.

ಮೊನೊಟ್ಯೂಬ್ ಬಿಸಿ ಬೇಗ ಹೊರಹಾಕುತ್ತದೆ, ಅದೂ ನಿಜ. ಆದರೆ ಅದರ ಒಳಗೆ ಗ್ಯಾಸ್ ಒತ್ತಡ ಜಾಸ್ತಿ, ಸಣ್ಣ ಗುಂಡಿಗಳಲ್ಲಿ ಕುಲುಕು ಹೆಚ್ಚು. ಅಮ್ಮನ ಸೊಂಟ ನೋವಿಗೆ ಪರಿಹಾರ ಕೇಳಿಕೊಂಡು ಬಂದವರಿಗೆ ಅದನ್ನು ಮೊದಲ ಆಯ್ಕೆ ಅಂತ ನಾನು ಹೇಳಲಾರೆ.

ಹುಬ್ಬಳ್ಳಿ ಸ್ವಿಫ್ಟ್

ಕೋನಿ ಹಳದಿ ಶಾಕ್ ಹೆಂಗ್ರಿ? ತಿರುಗಿಸಿ ಗಟ್ಟಿ ಮಾಡ್ಕೋಬಹುದಂತ. ಪೂರ್ತಿ ಗಟ್ಟಿ ಇಟ್ರ ತಳ ಹೊಡಿಯೂದಿಲ್ಲಲ್ಲ?

ಡ್ಯಾಂಪರ್ ಮೇಷ್ಟ್ರು

ಹೊಡೆಯುವುದು ಜಾಸ್ತಿಯೇ ಆಗುತ್ತದೆ ತಮ್ಮಾ. ಆ ಶಾಕ್‌ನಲ್ಲಿ ತಿರುಗಿಸಿದರೆ ಬದಲಾಗುವುದು ರಿಬೌಂಡ್ ಮಾತ್ರ. ಅಂದರೆ ಕುಗ್ಗಿದ ಶಾಕ್ ವಾಪಸ್ ಚಾಚುವ ವೇಗ. ಅದನ್ನು ಅತಿ ಗಟ್ಟಿ ಮಾಡಿದರೆ ಏನಾಗುತ್ತದೆ? ಒಂದು ಗುಂಡಿಯಲ್ಲಿ ಕುಗ್ಗಿದ ಶಾಕ್ ವಾಪಸ್ ಬರುವಷ್ಟರಲ್ಲಿ ಇನ್ನೊಂದು ಗುಂಡಿ ಬರುತ್ತದೆ. ಮೂರನೆಯದು, ನಾಲ್ಕನೆಯದು. ಗಾಡಿ ಒಂದೊಂದು ಹೊಡೆತಕ್ಕೂ ಕುಸಿಯುತ್ತಾ ಹೋಗಿ ಬಂಪ್ ಸ್ಟಾಪರ್ ಮೇಲೇ ಕೂರುತ್ತದೆ. ಸಾಲು ಸಾಲಾಗಿ ಹಾಕುವ ಸಣ್ಣ ಹಂಪ್ಸ್ ಮೇಲೆ ಓಡಿಸಿ ನೋಡಿ, ತಿಳಿಯುತ್ತದೆ. ಗಟ್ಟಿ ಇದ್ದಷ್ಟೂ ಒಳ್ಳೆಯ ಶಾಕ್ ಅನ್ನುವ ನಂಬಿಕೆ ತಪ್ಪು.

ಮಾರುತಿ ಎಂಟುನೂರು

ಹಂಪ್ಸ್ ಅಂದ್ರೆ ನೆನಪಾಯ್ತು. ನಮ್ಮೂರಿನ ಶಾಲೆ ಮುಂದೆ ಹೊಸದಾಗಿ ಹಾಕಿದ್ದಾರೆ. ಗೋಡೆ ಥರ ಇದೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ರಾತ್ರಿ ಬೈಕಿನವರು ಹಾರಿ ಬೀಳುತ್ತಿದ್ದಾರೆ. ಲೋವರ್ ಮಾಡದ ಗಾಡಿಗಳೂ ತಳ ಉಜ್ಜಿಕೊಂಡೇ ಹೋಗಬೇಕು.

ಕಾಫಿ ತೋಟ

ಇದಕ್ಕೆ ನಿಯಮ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು ಇರಬೇಕು. 25 ಕಿ.ಮೀ. ವೇಗದಲ್ಲಿ ದಾಟುವುದಕ್ಕೆ ಅಂತ ಆ ಲೆಕ್ಕ. ನಮ್ಮ ಕಡೆ ಅದೇ 10 ಸೆಂ.ಮೀ. ಎತ್ತರವನ್ನು ಒಂದು ಮಾರು ಅಗಲದೊಳಗೆ ತುರುಕುತ್ತಾರೆ. ಗ್ರಾಮ ಪಂಚಾಯಿತಿಗೆ ಬರೆದು ಕೊಡಿ. ನಾವು ಐದು ಜನ ಸಹಿ ಹಾಕಿ ಕೊಟ್ಟ ಮೇಲೆ ನಮ್ಮ ಕಡೆ ಒಂದನ್ನು ಸರಿ ಮಾಡಿದರು.

ಗಾಡಿ ಪೇಪರ್

ಒಂದು ಮಾತು, ಯಾರೂ ಹೇಳಲಿಲ್ಲ ಅಂತ ಹೇಳುತ್ತಿದ್ದೇನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ನೋಡಿ. ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಸವೆದ ಶಾಕ್ ತೆಗೆದು ಅದೇ ಥರದ್ದು ಹಾಕಿದರೆ ಅದು ದುರಸ್ತಿ. ಎತ್ತರ ಇಳಿಸುವುದು ಬೇರೆ. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಮಾಡಿದರೆ ಕ್ಲೇಮ್ ಸಮಯದಲ್ಲಿ ತಕರಾರು ಬರಬಹುದು.

ಕುಡ್ಲದ ಡ್ರೈವರ್

ಇವರು ಹೇಳುವುದು ಹೌದು. ಹಳೆ ಸ್ಪ್ರಿಂಗ್ ಗುಜರಿಗೆ ಹಾಕಬೇಡಿ ಮಾರಾಯ್ರೆ. ಗ್ರೀಸ್ ಹಚ್ಚಿ ಅಟ್ಟದಲ್ಲಿ ಇಡಿ. ಯಾವತ್ತು ಬೇಕಾಗುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ.

ಹಾಸನದ ಪೋಲೋ

ಹಳೆ ಸ್ಪ್ರಿಂಗ್ ನಾಲ್ಕೂ ಇವೆ. ಮೇಷ್ಟ್ರು ಹೇಳಿದ ಹಾಗೆ ಜ್ಯಾಕ್ ಎತ್ತಿ ತಿರುಗಿಸಿ ನೋಡಿದೆ. ಹಿಂದಿನ ಸ್ಪ್ರಿಂಗ್ ಗಿರಕಿ ಹೊಡೆಯಲಿಲ್ಲ, ಆದರೆ ಎರಡೂ ಕೈ ಹಾಕಿ ಜೋರು ಮಾಡಿದರೆ ಸ್ವಲ್ಪ ಅಲುಗಿತು. ಮನಸ್ಸಿಗೆ ಸಮಾಧಾನ ಇಲ್ಲ. ಏನು ಮಾಡಲಿ? ಹಿಂದಕ್ಕೆ ಹಳೆ ಸ್ಪ್ರಿಂಗೇ ವಾಪಸ್ ಹಾಕಲಾ?

ಡ್ಯಾಂಪರ್ ಮೇಷ್ಟ್ರು

ಮುಂದೆ ಗಿಡ್ಡ, ಹಿಂದೆ ಉದ್ದ ಮಾಡಿದರೆ ಗಾಡಿ ಮುಗ್ಗರಿಸಿದ ಹಾಗೆ ನಿಲ್ಲುತ್ತದೆ. ಬ್ರೇಕ್ ಹಾಕಿದಾಗ ಹಿಂಭಾಗ ಇನ್ನೂ ಹಗುರ. ಅದು ಬೇಡ.

ಹಿಂದೆ ಸ್ಪ್ರಿಂಗ್ ಮತ್ತು ಶಾಕ್ ಬೇರೆ ಬೇರೆ ಇರುವುದು ಇಲ್ಲಿ ಅನುಕೂಲ. ಸ್ಪ್ರಿಂಗ್ ಕೂರುವ ರಬ್ಬರ್ ಪ್ಯಾಡ್ ದಪ್ಪದ್ದು ಸಿಗುತ್ತದೆ. 10, 12 ಮಿ.ಮೀ. ಹೆಚ್ಚು ದಪ್ಪ ಇರುವುದು ಹಾಕಿ. ಎತ್ತರ ಅಷ್ಟು ಮೇಲೆ ಬರುತ್ತದೆ, ಬಂಪ್ ಜಾಗ ಅಷ್ಟು ವಾಪಸ್ ಬರುತ್ತದೆ, ಚಕ್ರ ಇಳಿದಾಗ ಸ್ಪ್ರಿಂಗ್ ಕೂಡ ಬಿಗಿಯಾಗಿ ಕೂರುತ್ತದೆ. ಒಂದೇ ಪ್ಯಾಡ್‌ನಿಂದ ಮೂರು ಕೆಲಸ. ಎರಡು ಪ್ಯಾಡ್ ಒಂದರ ಮೇಲೊಂದು ಇಡಬೇಡಿ, ಜಾರುತ್ತದೆ. ಜೊತೆಗೆ ಲೋವರಿಂಗ್ ಸ್ಪ್ರಿಂಗ್‌ಗೆ ಅಂತ ಸಿಗುವ ಗಿಡ್ಡ ಬಂಪ್ ಸ್ಟಾಪರ್ ಹೊಸದು ಹಾಕಿ. ಸ್ಟಾಪರ್ ತೆಗೆದೇ ಬಿಡಿ ಅಂತ ಯಾರಾದರೂ ಹೇಳಿದರೆ ಆ ಗ್ಯಾರೇಜಿನಿಂದ ಹೊರಗೆ ಬನ್ನಿ. ಅದಿಲ್ಲದಿದ್ದರೆ ಶಾಕ್‌ನ ಒಳಗಿನ ಪಿಸ್ಟನ್ ತಳಕ್ಕೆ ಬಡಿದು ಹೊಸ ಶಾಕ್ ಕೂಡ ಹಾಳು.

ಶಾಕ್‌ಗೆ ನನ್ನ ಸಲಹೆ ಇಷ್ಟೇ. ಕೆವೈಬಿ ಎಕ್ಸೆಲ್-ಜಿ, ಸಾಕ್ಸ್, ಮನ್ರೋ, ಬಿಲ್‌ಸ್ಟೈನ್ ಬಿ4, ಈ ಮಟ್ಟದ ಗ್ಯಾಸ್ ಟ್ವಿನ್‌ಟ್ಯೂಬ್‌ನಲ್ಲಿ (ಕೊಳವೆಯೊಳಗೆ ಕೊಳವೆ ಇರುವ ಶಾಕ್) ನಿಮ್ಮ ಗಾಡಿಗೆ ಯಾವುದು ಅಸಲಿ ಸಿಗುತ್ತದೋ ಅದು. ನಾಲ್ಕೂ ಒಂದೇ ಬ್ರ್ಯಾಂಡ್ ಇರಲಿ.

ಸ್ಪೇರ್ಸ್ ಅಂಗಡಿ

ಅಸಲಿ ಅನ್ನೋ ಮಾತಿಗೆ ಅಡಿಗೆರೆ ಹಾಕಿ. ಬಿಲ್ ಕೊಡದ ಅಂಗಡಿಯಲ್ಲಿ ಶಾಕ್ ಕೊಳ್ಳಬೇಡಿ. ಪಾರ್ಟ್ ನಂಬರ್ ಪೆಟ್ಟಿಗೆ ಮೇಲೂ ಶಾಕ್ ಕೊಳವೆ ಮೇಲೂ ಒಂದೇ ಇರಬೇಕು. ನಿಮ್ಮ ಚಾಸಿಸ್ ನಂಬರ್ ಕೊಟ್ಟು ನಂಬರ್ ತೆಗೆಸಿ. ಒಂದೇ ಮಾಡೆಲ್‌ಗೆ ಎರಡು ಥರ ಸ್ಟ್ರಟ್ (ಸ್ಪ್ರಿಂಗ್ ಹೊತ್ತಿರುವ ಮುಂದಿನ ಶಾಕ್) ಬರುವುದುಂಟು. ಜೆಟ್ಟಾ, ಆಕ್ಟೇವಿಯಾದವರು 50 ಮತ್ತು 55 ಮಿ.ಮೀ. ಕೊಳವೆ ಅಂತ ಗೊತ್ತಿಲ್ಲದೆ ತಂದು ವಾಪಸ್ ಮಾಡಲು ಒದ್ದಾಡುತ್ತಾರೆ. ನಿಮ್ಮದನ್ನೂ ವರ್ನಿಯರ್ ಹಿಡಿದು ಅಳೆದುಕೊಂಡೇ ಹೊರಡಿ.

ಮುಂದಿನ ಸ್ಟ್ರಟ್ ಮೌಂಟ್, ಅದರ ಬೇರಿಂಗ್, ಡಸ್ಟ್ ಕವರ್ ಇವನ್ನೂ ಹೊಸದಾಗಿ ತಗೊಳ್ಳಿ. ಉಳಿಸಲು ಹೋದರೆ ಎರಡು ತಿಂಗಳಿಗೆ ಟಕ್ ಟಕ್ ಸದ್ದು ಬಂದು ಅದೇ ಲೇಬರ್ ಇನ್ನೊಮ್ಮೆ ಕೊಡಬೇಕು.

ಕಾಫಿ ತೋಟ

ಹಾಕಿಸುವಾಗ ನೀವೇ ಎದುರಿಗೆ ನಿಂತಿರಿ. ನಮ್ಮ ಕಡೆಯ ಒಂದು ಗ್ಯಾರೇಜಿನಲ್ಲಿ ಹುಡುಗನೊಬ್ಬ ಸವೆದ ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಬಿಗಿ ಮಾಡುತ್ತಿದ್ದ. ಕೊಕ್ಕೆ ಜಾರಿತು. ಸ್ಪ್ರಿಂಗ್ ಹಾರಿ ಮೇಲಿನ ತಗಡಿಗೆ ಬಡಿದು ಅಲ್ಲಿ ಅಂಗೈ ಅಗಲದ ಗುಳಿ ಬಿತ್ತು. ಹುಡುಗನ ಕಿವಿಯ ಪಕ್ಕದಲ್ಲೇ ಹೋಯಿತು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಗೋಡೆಗೆ ಕೂರಿಸಿದ ಒಳ್ಳೆಯ ಕಂಪ್ರೆಸರ್ ಇರುವ ಕಡೆಯೇ ಮಾಡಿಸಿ. ನೂರಿನ್ನೂರು ಜಾಸ್ತಿ ಆದರೂ ಪರವಾಗಿಲ್ಲ.

ಡ್ಯಾಂಪರ್ ಮೇಷ್ಟ್ರು

ಇದಕ್ಕೆ ಇನ್ನೂ ಕೆಲವು ಸೇರಿಸುತ್ತೇನೆ.

ಟ್ವಿನ್‌ಟ್ಯೂಬ್ ಶಾಕ್ ಗೋದಾಮಿನಲ್ಲಿ ಮಲಗಿರುತ್ತದೆ, ಒಳಗೆ ಗಾಳಿ ಎಣ್ಣೆ ಕಲೆತಿರುತ್ತದೆ. ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ, ಪೂರ್ತಿ ಎಳೆಯಿರಿ. ಮೊದಲ ಸಲ ನಡುವೆ ಖಾಲಿ ಖಾಲಿ ಅನಿಸುತ್ತದೆ, ಆಮೇಲೆ ಒಂದೇ ಸಮ ಬರುತ್ತದೆ. ಹಾಗೇ ನೆಟ್ಟಗೆ ಒಯ್ದು ಹಾಕಿ.

ಮೇಲಿನ ನಟ್ ಬಿಗಿಯುವಾಗ ರಾಡ್ ತಿರುಗುತ್ತದೆ ಅಂತ ಇಕ್ಕಳದಲ್ಲಿ ಹಿಡಿಯುತ್ತಾರೆ. ಕ್ರೋಮ್ ಮೇಲೆ ಒಂದು ಗೀರು ಬಿದ್ದರೆ ಅದು ಸೀಲನ್ನು ಕೊಯ್ಯುತ್ತಲೇ ಇರುತ್ತದೆ. ಹೊಸ ಶಾಕ್ ತಿಂಗಳಲ್ಲಿ ಎಣ್ಣೆ ಕಾರಿದರೆ ಅರ್ಧ ಸಲ ಇದೇ ಕಾರಣ.

ಕೊನೆಯದಾಗಿ, ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಗಾಡಿ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿಯಬೇಡಿ. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಾಲ್ಕು ತಿಂಗಳ ಹಿಂದೆ ಸ್ಪ್ರಿಂಗ್ ಹಾಕಿದಾಗ ಇದನ್ನು ಮಾಡಿದ್ದರೋ ಇಲ್ಲವೋ, ಈಗ ಲೋವರ್ ಆರ್ಮ್ ಬುಷ್ ಬೋಲ್ಟ್‌ಗಳನ್ನೂ ಸಡಿಲ ಮಾಡಿ ಹೊಸ ಎತ್ತರದಲ್ಲಿ ಬಿಗಿಸಿಕೊಳ್ಳಿ. ಫೋಕ್ಸ್‌ವ್ಯಾಗನ್‌ನಲ್ಲಿ ಕೆಲವು ಬೋಲ್ಟ್ ಒಂದೇ ಸಲ ಬಳಸುವಂಥವು. ಅವನ್ನು ಹೊಸದು ತರಿಸಿ.

ಹುಬ್ಬಳ್ಳಿ ಸ್ವಿಫ್ಟ್

ಇಷ್ಟೆಲ್ಲ ಯಾಕ್ರಿ, ಹಳೇ ಕಂಪನಿ ಸ್ಪ್ರಿಂಗ್‌ನೇ ಒಂದು ಸುತ್ತು ಕಟ್ ಮಾಡಿದ್ರ ಆಗ್ತಿತ್ತಲ್ಲ? ನಮ್ಮ ಕಡೆ ಎಲ್ಲಾರೂ ಹಂಗೇ ಮಾಡ್ತಾರ.

ಡ್ಯಾಂಪರ್ ಮೇಷ್ಟ್ರು

ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ನಿಜ. ಆದರೆ ಕತ್ತರಿಸಿದ ತುದಿ ಕಪ್ಪಿನಲ್ಲಿ ಕೂರುವುದಿಲ್ಲ, ಚೂಪಾದ ಅಂಚು ರಬ್ಬರ್ ಕೊರೆಯುತ್ತದೆ. ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದರೆ ಆ ಬಿಸಿಗೆ ಉಕ್ಕಿನ ಹದವೇ ಹೋಗುತ್ತದೆ. ಒಂದು ದಿನ ಹೈವೇಯಲ್ಲಿ ಮುರಿದರೆ ತುದಿ ಟೈರಿಗೆ ಚುಚ್ಚುತ್ತದೆ. ನಿಮ್ಮ ಗಾಡಿಯಲ್ಲಿ ಹಾಗೆ ಮಾಡಿದ್ದರೆ ದಯವಿಟ್ಟು ಬದಲಾಯಿಸಿ.

ಹುಬ್ಬಳ್ಳಿ ಸ್ವಿಫ್ಟ್

ನಮ್ಮ ಅಣ್ಣನ ಗಾಡಿಗೆ ಮಾಡ್ಸ್ಯಾನ. ಇವತ್ತೇ ಹೇಳ್ತೀನ್ರಿ.

ಹಾಸನದ ಪೋಲೋ

ಎಲ್ಲರಿಗೂ ಬಂದು ತಿಳಿಸಬೇಕು ಅನಿಸಿತು. ಕೆಲಸ ಮುಗಿದು ಮೂರು ವಾರ ಆಯಿತು.

ನಾಲ್ಕೂ ಗ್ಯಾಸ್ ಟ್ವಿನ್‌ಟ್ಯೂಬ್ ಶಾಕ್, ಒಂದೇ ಬ್ರ್ಯಾಂಡ್. ಮುಂದೆ ಮೌಂಟ್ ಮತ್ತು ಬೇರಿಂಗ್ ಹೊಸದು. ನಾಲ್ಕೂ ಕಡೆ ಗಿಡ್ಡ ಬಂಪ್ ಸ್ಟಾಪರ್, ಡಸ್ಟ್ ಕವರ್. ಹಿಂದೆ 12 ಮಿ.ಮೀ. ಹೆಚ್ಚು ದಪ್ಪದ ಪ್ಯಾಡ್. ಲೇಬರ್, ಅಲೈನ್‌ಮೆಂಟ್ ಎಲ್ಲ ಸೇರಿ 27,400 ಆಯಿತು.

ಹಳೆ ಶಾಕ್ ಬಿಚ್ಚಿ ಕೈಯಲ್ಲಿ ಒತ್ತಿದಾಗ ನನಗೇ ಗಾಬರಿಯಾಯಿತು. ಮುಂದಿನ ಬಲಗಡೆಯದು ಒತ್ತಿದರೆ ಹೋದದ್ದು ಹೋದ ಹಾಗೇ, ವಾಪಸ್ ಮೇಲೆ ಬರಲೇ ಇಲ್ಲ. ಇದನ್ನು ಇಟ್ಟುಕೊಂಡು ಅಮ್ಮನನ್ನು ಕೂರಿಸಿಕೊಂಡು ಘಾಟಿ ಓಡಿಸಿದ್ದೆ. ಮುಂದಿನ ಟೈರ್ ಮೇಲೆ ಕೈಯಾಡಿಸಿದರೆ ಅಲೆ ಅಲೆಯಾಗಿ ಸವೆದಿದೆ. ಅದೂ ಶಾಕ್‌ನಿಂದಲೇ ಅಂತ ಮೆಕ್ಯಾನಿಕ್ ಹೇಳಿದರು.

ಈಗ ತಗ್ಗು ದಾಟಿದರೆ ಮುಂಭಾಗ ಒಂದೇ ಸಲ ಎದ್ದು ಅಲ್ಲೇ ನಿಲ್ಲುತ್ತದೆ. ಹಿಂದಿನ ಎತ್ತರ 364. ಬಂಪ್ ಸ್ಟಾಪರ್ ಕೂಡ ಗಿಡ್ಡ ಆಗಿದ್ದರಿಂದ ಖಾಲಿ ಗಾಡಿಯಲ್ಲಿ ಜಾಗ 52 ಮಿ.ಮೀ. ಇದೆ. ಮೊನ್ನೆ ನಾಲ್ಕು ಜನ ಸಕಲೇಶಪುರಕ್ಕೆ ಹೋಗಿ ಬಂದೆವು, ಕೇಬಲ್ ಟೈ ಇನ್ನೂ ಬಿಚ್ಚಿಲ್ಲ. ಸ್ಟಾಪರ್ ಒಳಗೆ ಸ್ವಲ್ಪ ಹೋಗಿತ್ತು, ದಡ್ ಸದ್ದು ಇಲ್ಲ. ಅಮ್ಮ ವಾಪಸ್ ಬರುವಾಗ ಹಿಂದೆ ನಿದ್ದೆ ಹೋಗಿದ್ದರು. ಮೇಷ್ಟ್ರೇ, ನಿಮಗೆ ತುಂಬಾ ಥ್ಯಾಂಕ್ಸ್.

ಘಾಟಿ ಸವಾರ

ಖುಷಿಯಾಯಿತು. ನಾನು ಈಗಲೂ ಬಿ8 ಪರವೇ. ಆದರೆ ನಿಮ್ಮ ಬಜೆಟ್‌ಗೆ, ಮನೆಯವರ ಜೊತೆ ಓಡಾಡುವುದಕ್ಕೆ ಇದು ಸರಿಯಾಗಿದೆ, ಒಪ್ಪುತ್ತೇನೆ.

ಸ್ಟುಟ್‌ಗಾರ್ಟ್ ಕನ್ನಡಿಗ

ಹೆಡ್‌ಲೈಟ್ ಎತ್ತರ ಸರಿ ಮಾಡಿಸಿದಿರಾ? ಹಿಂದೆ 12 ಮಿ.ಮೀ. ಎದ್ದಿದೆ, ಬೆಳಕು ಮೊದಲಿಗಿಂತ ಹತ್ತಿರ ಬೀಳುತ್ತಿರುತ್ತದೆ.

ಹಾಸನದ ಪೋಲೋ

ಇಲ್ಲ ಸರ್, ನೆನಪೇ ಆಗಲಿಲ್ಲ. ನಾಳೆ ಸಂಜೆ ಗೋಡೆ ಎದುರು ನಿಲ್ಲಿಸಿ ನೋಡುತ್ತೇನೆ.

ಡ್ಯಾಂಪರ್ ಮೇಷ್ಟ್ರು

ಅಲೈನ್‌ಮೆಂಟ್ ಅನ್ನು ಶಾಕ್ ಹಾಕಿದ ದಿನವೇ ಮಾಡಿಸಿದಿರಾ, ಅಥವಾ ಓಡಿಸಿದ ಮೇಲೆ ಮಾಡಿಸಿದಿರಾ? ಹೊಸ ಪ್ಯಾಡ್, ಮೌಂಟ್ ಕೂತುಕೊಳ್ಳಲು ಒಂದೆರಡು ವಾರ ಬೇಕು. ಹಾಕಿದ ದಿನವೇ ಆಗಿದ್ದರೆ ಮುಂದಿನ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಇನ್ನೊಮ್ಮೆ ತೋರಿಸಿ. ಆ ಅಲೆ ಸವೆದ ಟೈರ್‌ಗಳನ್ನು ಹಿಂದಕ್ಕೆ ಹಾಕಬೇಡಿ. ಸದ್ದು ಕೇಳಿ ಬೇರಿಂಗ್ ಹೋಗಿದೆ ಅಂತ ಯಾರಾದರೂ ಬಿಚ್ಚಿಸಿಬಿಡುತ್ತಾರೆ.